ಅಂಗುಷ್ಠಮೀಮಾಂಸೆ

ಮನುಷ್ಯನ ಅವಯವಗಳಲ್ಲಿ ಬುದ್ಧಿಗೆ ವಶವಾಗದಿರುವುದು ನಾಲಗೆಯೆಂದು ನೀತಿಕಾರರು ಬಹುಕಾಲದಿಂದ ಹೇಳುತ್ತ ಬಂದಿರುವರಾದರೂ, ಎರಡು ಬೇರೆಬೇರೆ ಮನೆತನದ ಕ್ಯಾಮೆರಾಗಳನ್ನು ಎರಡು ಹೆಗಲಿಗೆ ನೇತುಹಾಕಿಕೊಂಡು ನಾಲ್ಕಾರು ವರ್ಷ ತಿರುಗಿದ ನನ್ನಂಥವನು ಆ ಪಟ್ಟವನ್ನು ನಾಲಗೆಯಿಂದ ಕಿತ್ತು ಬಲಗೈಯ ಹೆಬ್ಬೆರಳಿಗೆ ಕಟ್ಟದೆ ವಿಧಿಯಿಲ್ಲ. ಈ ವಿಷಯದಲ್ಲಿ ಪ್ರಾಚೀನರು ಒಂದು ಸೂತ್ರವನ್ನೂ ಬಿಟ್ಟುಹೋಗಿಲ್ಲವಾದಕಾರಣ ಅದನ್ನು ನಾನೇ ರಚಿಸಬೇಕಾಯಿತು: ‘ಅಂಗುಷ್ಠಃ ಪೂರ್ವಾಭ್ಯಾಸವಶಃ.’ ಹೆಬ್ಬೆರಳು ಹಿಂದಿನ ಕ್ಯಾಮೆರಾದ ಆಳು ಎಂದು ಇದರ ತಾತ್ಪರ್ಯ. ಸೂತ್ರಕಾರನೇ ಭಾಷ್ಯಕಾರನೂ ಆಗುವುದು ಶಿಷ್ಟಾಚಾರವಲ್ಲವೆಂಬುದನ್ನು ಬಲ್ಲೆ. ಆದರೆ ಬೇರಾರೂ ಮುಂದೆ ಬರಲಿಲ್ಲ.

ಹಗ್ಗದಲ್ಲಿ ಹಾವನ್ನು ಕಾಣುವುದಕ್ಕೆ ವೇದಾಂತಿಗಳು ಅಧ್ಯಾಸವೆಂದು ಹೆಸರಿಟ್ಟಿದ್ದಾರೆ; ದೀಪ ತಂದೊಡನೆ ಆ ಹಾವು ಹೊರಟುಹೋಗುವುದು. ಅಂಗುಷ್ಠಾಧ್ಯಾಸವು ಅಷ್ಟು ಸುಲಭದ್ದಲ್ಲ. ಹಾಡುಹಗಲಿನಲ್ಲಿ, ಗುಂಡಿ ಅಲ್ಲಿಲ್ಲವೆಂದು ಚೆನ್ನಾಗಿ ಬಲ್ಲ ಬುದ್ಧಿಯ ಸಮಕ್ಷಮದಲ್ಲಿಯೇ, ಬೆರಳು ಅದನ್ನು ಅಲ್ಲಿಯೇ ಒತ್ತುವುದು. ನಿಕಾನಿನಲ್ಲಿ ಮುಖ್ಯ ಚಕ್ರವು ಬೆನ್ನಿನ ಕಡೆಗಿದ್ದು ಹೆಬ್ಬೆರಳಿಗೆ ಸಿಕ್ಕುವುದು. ಕ್ಯಾನನಿನಲ್ಲಿ ಅದು ಷಟರ್ ಗುಂಡಿಯ ಹಿಂದೆ ನೆತ್ತಿಯ ಮೇಲಿದ್ದು ತೋರುಬೆರಳಿನ ಸೊತ್ತು. ಒಂದರ ಜೀವದ ಗುಬುಟು ಷಟರ್ ಗುಂಡಿಯನ್ನೇ ಸುತ್ತಿಕೊಂಡಿದ್ದರೆ, ಇನ್ನೊಂದರ ಅನೇಕ ಮಾದರಿಗಳಲ್ಲಿ ಎಡಭುಜದ ಮೇಲೆ ಕುಳಿತಿರುವುದು. ನಿಕಾನಿನ ಹಳೆಯ ಮಾದರಿಗಳ ಬೆಳಕಿನ ಮಾಪಕದಲ್ಲಂತೂ ಧನಚಿಹ್ನೆ ಎಡಕ್ಕೂ ಋಣಚಿಹ್ನೆ ಬಲಕ್ಕೂ ಇದ್ದು, ನಮ್ಮ ಗಣಿತದ ಮೇಷ್ಟರು ಬೆತ್ತ ಹಿಡಿದು ಕಲಿಸಿದ ಸಂಖ್ಯಾರೇಖೆಯೇ ಅಲ್ಲಿ ತಲೆಕೆಳಗಾಗಿತ್ತು.

ಇವೆಲ್ಲ ಉಪಭೇದಗಳು. ಮೂಲಭೇದವಿರುವುದು ಲೆನ್ಸಿನ ಕೊರಳಿನಲ್ಲಿ. ಕ್ಯಾಮೆರಾಕ್ಕೆ ಎದುರಾಗಿ ನಿಂತು ನೋಡಿದರೆ, ಕ್ಯಾನನಿನ ಲೆನ್ಸು ಗಡಿಯಾರದ ಮುಳ್ಳಿನಂತೆ ತಿರುಗಿ ಕೂರುವುದು. ನಿಕಾನಿನದು ಅದಕ್ಕೆ ವಿರುದ್ಧವಾಗಿ. ಶಂಖಗಳಲ್ಲಿರುವಂತೆ ಇಲ್ಲಿಯೂ ದಕ್ಷಿಣಾವರ್ತ, ವಾಮಾವರ್ತ ಎಂಬ ಎರಡು ಜಾತಿಗಳುಂಟೆಂದು ಇದರಿಂದ ಸಿದ್ಧವಾಯಿತು. ಈ ಕಲಹದ ಬೇರು ಜಪಾನಿನಲ್ಲಿಲ್ಲ, ಜರ್ಮನಿಯಲ್ಲಿದೆ. ವೆಟ್ಸ್ಲಾರಿನ ಲೈಕಾಕ್ಕೆ ಎದುರಾಳಿಯಾಗಿ 1932ರಲ್ಲಿ ಡ್ರೆಸ್ಡೆನ್ನಿನಿಂದ ಹೊರಟ ಕಾಂಟ್ಯಾಕ್ಸ್, ಲೈಕಾ ಬಲವೆಂದುದನ್ನು ಎಡವೆಂದಿತು. 1948ರಲ್ಲಿ ಬಂದ ನಿಕಾನಿನ ಮೊದಲ ಕ್ಯಾಮೆರಾ ಕಾಂಟ್ಯಾಕ್ಸಿನ ಕೊರಳನ್ನು ಅನುಸರಿಸಿತು. 1959ರ ನಿಕಾನ್ ಎಫ್ ತನ್ನ ಹಿರಿಯರ ಸುತ್ತನ್ನು ಬಿಡಲಿಲ್ಲ. ಕ್ಯಾನನಾದರೋ ತನ್ನ ರೇಂಜ್‌ಫೈಂಡರುಗಳ ಕಾಲದಲ್ಲಿ ಲೈಕಾದ ತಿರುಪಿಗೆ ಶರಣಾಗಿತ್ತು. ಎಂದೋ ಯಾವುದೋ ಊರಿನಲ್ಲಿ ನಡೆದ ದಾಯಾದಿ ಮತ್ಸರವನ್ನು ಇಂದು ನನ್ನ ಮಣಿಕಟ್ಟು ಅನುಭವಿಸುತ್ತಿರುವುದು ಯಾವ ಜನ್ಮದ ಕರ್ಮವೋ ಕಾಣೆ.

‘ಒಂದೇ ಮನೆತನಕ್ಕೆ ನಿಷ್ಠನಾಗಿರತಕ್ಕದ್ದು’ ಎಂಬುದು ಏಕಗೃಹವಾದಿಗಳ ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಲೈಕಾ ಸಂಸ್ಥೆಯು 1998ರ ಎಂ6 ಟಿಟಿಎಲ್ ಎಂಬ ಮಾದರಿಯಲ್ಲಿ, ಮಾಪಕದ ಬಾಣಗಳೊಡನೆ ಹೊಂದಲೆಂದು, ಷಟರ್ ವೇಗದ ಚಕ್ರವನ್ನು ಹಳೆಯ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿತು; 2003ರ ಎಂಪಿಯಲ್ಲಿ ಮತ್ತೆ ಹಳೆಯ ದಿಕ್ಕಿಗೇ ಬಂದಿತು. ಪತಿವ್ರತೆಯ ಪತಿಯೇ ಹೀಗೆ ದಿಕ್ಕು ಬದಲಾಯಿಸಿದರೆ ವ್ರತದಿಂದ ಆಗುವುದೇನು?

‘ಮೆನುವಿನೊಳಗೆ ಹೋಗಿ ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿಕೊಳ್ಳಬಹುದಲ್ಲ’ ಎಂಬವರು ನವ್ಯರು. ಅದನ್ನೂ ಮಾಡಿನೋಡಿದೆ. ಎರಡನ್ನೂ ಒಂದರಂತೆ ಮಾಡಹೋಗಿ, ಯಾವ ಗುಂಡಿಗೆ ಯಾವ ಅಧಿಕಾರವನ್ನು ವರ್ಗಾಯಿಸಿದೆನೆಂಬುದು ಮರೆತು, ಕೊನೆಗೆ ಎರಡೂ ನನಗೆ ಪರಕೀಯವಾದುವು. ಅಲ್ಲದೆ, ಗುಂಡಿ ಎಷ್ಟೇ ವಿಧೇಯವಾದರೂ ಲೆನ್ಸಿನ ಸುತ್ತು ಯಾವ ಮೆನುವಿಗೂ ಬಗ್ಗುವುದಲ್ಲ.

ಸಿದ್ಧಾಂತಕ್ಕೆ ದೃಷ್ಟಾಂತವೊಂದಿದೆ. ನನ್ನ ತಂಗಿಯ ಮಗಳ ಮದುವೆಯಲ್ಲಿ, ‘ಗಟ್ಟಿಮೇಳ, ಗಟ್ಟಿಮೇಳ’ ಎಂಬ ಕೂಗೆದ್ದು, ಅಂತರಪಟ ಸರಿದು, ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಲು ಕೈಯೆತ್ತಿದ ಆ ಒಂದು ಕ್ಷಣದಲ್ಲಿ, ಫೋಕಸ್ ಹಿಡಿಯಲೆಂದು ಹೊರಟ ನನ್ನ ಹೆಬ್ಬೆರಳು ಮೆನುವಿನ ಗುಂಡಿಯನ್ನು ಒತ್ತಿತು. ಎದುರಿಗೆ ವಧುವಿನ ಮುಖವಿರಬೇಕಾದ ಪರದೆಯಲ್ಲಿ ವೇಳೆಯನ್ನು ಸರಿಪಡಿಸುವ ಪಟ್ಟಿ ತೆರೆಯಿತು. ನಾನು ಅದರಿಂದ ಹೊರಬರುವಷ್ಟರಲ್ಲಿ ಜೀರಿಗೆ ನೆಲದ ಮೇಲಿತ್ತು.

“ಅಣ್ಣಾ, ಸಿಕ್ಕಿತೇನೋ?” ಎಂದಳು ತಂಗಿ.

ನಾನು ಉತ್ತರ ಕೊಡಲಿಲ್ಲ. ಫೋಟೋದವರ ಮುಖಭಾವವನ್ನು ಓದುವುದರಲ್ಲಿ ಪಳಗಿದ್ದ ಪುರೋಹಿತರು ಮಂತ್ರವನ್ನು ನಿಲ್ಲಿಸದೆಯೇ ತಟ್ಟೆಯ ಕಡೆಗೆ ಕೈಮಾಡಿ, “ಇನ್ನೊಂದು ಹಿಡಿ ಜೀರಿಗೆ ಕೊಡಿ. ಸ್ವಾಮಿ, ಈ ಸಲ ನೋಡಿಕೊಳ್ಳಿ” ಎಂದರು. ವಧೂವರರು ನನಗಾಗಿ ಮತ್ತೊಮ್ಮೆ ಕೈಯೆತ್ತಿದರು. ಗಾಬರಿಯಲ್ಲಿ ನಾನು ಆ ಕ್ಯಾಮೆರಾವನ್ನು ಇಳಿಬಿಟ್ಟು ಇನ್ನೊಂದು ಹೆಗಲಿನದನ್ನು ಎತ್ತಿಕೊಂಡಿದ್ದೆ. ಹೆಬ್ಬೆರಳು ಅಷ್ಟರಲ್ಲಿ ಮೊದಲನೆಯದಕ್ಕೆ ಒಗ್ಗಿಹೋಗಿತ್ತು.