ಆಕ್ಸನ್, ಬಾಕ್ಸನ್ ಮತ್ತು ನಾನು

ಹಾವೇರಿ ಸೀಮೆಯ ಹೋರಿಗೆ ಬಹುವಚನ ಬೇಕೆಂದರೆ ‘ಗಳು’ ಎಂಬ ಬಾಲ ಕಟ್ಟಿದರಾಯ್ತು. ಇಂಗ್ಲಿಷಿನಲ್ಲಿ ಮಾತ್ರ ಆಕ್ಸ್ ಹೋಗಿ ಆಕ್ಸನ್! ಅದನ್ನೇ ನಂಬಿ ‘ಬಾಕ್ಸನ್’ ಎಂದು ಬರೆದು ಬೆಂಚು ಹತ್ತಿದವನು ನಾನು. ರಾಣೆಬೆನ್ನೂರಿನ ಕೃಷ್ಣಮೃಗ ಹಿಂಡಾಗಿ ಬಂದರೂ ಬ್ಲ್ಯಾಕ್‌ಬಕ್ ಎಂದೇ ಅನ್ನಬಹುದಂತೆ; ಪುಣ್ಯಾತ್ಮ ಪ್ರಾಣಿ.

ಇನ್ನು ಇಂಗ್ಲಿಷ್ ಕ್ರಿಯಾಪದಗಳಲ್ಲಿ ಕಟ್, ಪುಟ್‌ಗಳು ಬ್ಯಾಡಗಿ ಮೆಣಸಿನಕಾಯಿ ಇದ್ದಂತೆ: ಯಾವ ಕಾಲಕ್ಕೂ ಒಂದೇ ಬಣ್ಣ, ಖಾರ ಕಮ್ಮಿ. ಗೋ-ವೆಂಟ್-ಗಾನ್ ಮಾತ್ರ ಪಕ್ಕಾ ಗುಂಟೂರು, ಕಣ್ಣಲ್ಲಿ ನೀರು. ನಮ್ಮ ‘ಬಾ’ ಕೂಡ ‘ಬಂದ’ ಆಗುತ್ತದಲ್ಲ ಎಂದು ಮಗಳು ಕೇಳಿದಳು. ಕೇಳಿಸದವನಂತೆ ಮಂಡಕ್ಕಿ ಮುಕ್ಕಿದೆ.

ಮೊನ್ನೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಪರಭಾಷೆಯವರೊಬ್ಬರು ಬ್ಯಾಡಗಿ ಬಸ್ಸು ಕೇಳಿದರು. ವೆಂಟೋ ಗಾನೋ ಎಂದು ನಾನು ತಡವರಿಸುವಷ್ಟರಲ್ಲಿ ಶೇಂಗಾ ಮಾರುವವಳು ಕೈಬೀಸಿ ಹೇಳಿಬಿಟ್ಟಳು: “ಬಸ್ ಹೋತ್ರೀ!”