ಅಂಕುಡೊಂಕಿನ ವಾಕ್ಯಪ್ರಯೋಗ: ಒಂದು ಶಾಸ್ತ್ರೀಯ ವಿಚಾರಣೆ

‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಯಡಿ ‘ಅಂಕುಡೊಂಕು’ ಬಂದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ‘ಆ ರಸ್ತೆ ಅಂಕುಡೊಂಕಾಗಿದೆ’ ಎಂದು ಬರೆದು, ಅಂಕ ಗಿಟ್ಟಿಸಿಕೊಂಡು ಪಾರಾಗುತ್ತಾರೆ. ವಾಕ್ಯ ಶುದ್ಧವಾಗಿದೆ, ಅದು ಹೊಗಳಿಕೆಯೋ ದೂರೋ ಎಂಬುದು ಮಾತ್ರ ಬ್ರಹ್ಮನಿಗೂ ತಿಳಿಯದು. ವೈಯಾಕರಣರು ಈ ಪದವನ್ನು ಗುಣವಾಚಕಗಳ ಪಂಕ್ತಿಯಲ್ಲಿ ಕೂರಿಸಿ ಕೈತೊಳೆದುಕೊಂಡಿದ್ದಾರೆ. ‘ಶಬ್ದಮಣಿದರ್ಪಣ’ದ ಕೇಶಿರಾಜನನ್ನು ಮಾತ್ರ ದೂರುವಂತಿಲ್ಲ, 13ನೇ ಶತಮಾನದಲ್ಲಿ ಅವನಿಗೆ ಬೆಂಗಳೂರಿನ ಹೊಸ ಬಡಾವಣೆಯ ಚರಂಡಿಗಳನ್ನು ನೋಡುವ ಭಾಗ್ಯವಿರಲಿಲ್ಲ. ಪ್ರಸ್ತುತ ಪ್ರಬಂಧದ ಸಿದ್ಧಾಂತವಿಷ್ಟು: ಅಂಕುಡೊಂಕು ಎಂಬ ಪದ ಆಕಾರವನ್ನು ಹೇಳುವಂತೆ ನಟಿಸುತ್ತ ವಯಸ್ಸನ್ನು ಹೇಳುತ್ತದೆ. ಹಳೆಯದಕ್ಕೆ ಅಂಟಿದರೆ ಬಿರುದು, ಹೊಸದಕ್ಕೆ ಅಂಟಿದರೆ ಬೈಗುಳ.

ಪ್ರಮಾಣಕ್ಕೆ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು ನೋಡಬಹುದು. 50ಕ್ಕೂ ಹೆಚ್ಚು ಎಕರೆಯ ಆ ತೋಪಿನ ಮುದಿಮರಗಳ ಬೊಡ್ಡೆ ಟೊಳ್ಳು, ಕೊಂಬೆ ಗಂಟುಗಂಟು. ನೆಟ್ಟನೆಯ ಒಂದು ಹಲಗೆ ಹುಡುಕಿಹೋದ ಬಡಗಿ ಬರಿಗೈಯಲ್ಲಿ ಮರಳಬೇಕು. ಆದರೂ 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಅದು ಪಾರಂಪರಿಕ ತಾಣವಾಯಿತು. ಸರಿಯಾಗಿ ಹತ್ತು ವರ್ಷಕ್ಕೆ, 2017ರಲ್ಲಿ, ಕಂಬದಂತೆ ನೆಟ್ಟಗೆ ಬೆಳೆಯುವ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನೇ ಕರ್ನಾಟಕ ಸರ್ಕಾರ ನಿಷೇಧಿಸಿತು. ಸೊಟ್ಟಗಿದ್ದದ್ದಕ್ಕೆ ಸನ್ಮಾನ, ನೆಟ್ಟಗಿದ್ದದ್ದಕ್ಕೆ ಬಹಿಷ್ಕಾರ: ಇದಕ್ಕಿಂತ ದೊಡ್ಡ ರಾಜಮುದ್ರೆ ಯಾವ ಸಿದ್ಧಾಂತಕ್ಕೆ ಬೇಕು?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ನೀಲಗಿರಿಯನ್ನು ನಿಷೇಧಿಸಿದ್ದು ಅಂತರ್ಜಲದ ಚಿಂತೆಯಿಂದ, ನೆಟ್ಟಗಿದೆ ಎಂಬ ಕಾರಣಕ್ಕಲ್ಲ ಎನ್ನುತ್ತಾರೆ. ಒಪ್ಪಿದೆ, ಆದರೂ ಸಂಕಟಕಾಲದಲ್ಲಿ ನೆಟ್ಟಗಿರುವುದು ಅದರ ನೆರವಿಗೆ ಬರಲಿಲ್ಲವೆಂಬುದು ದಾಖಲಾರ್ಹ. ಮರ ತಿರುಚಿಕೊಳ್ಳುವುದು ಗಾಳಿಯಿಂದ, ಮುರಿದ ಕೊಂಬೆಯಿಂದ, ಬೆಳಕಿನ ಹುಡುಕಾಟದಿಂದ; ವಯಸ್ಸಿನ ಮಾತೇಕೆ ಎಂಬುದು ಸಸ್ಯಶಾಸ್ತ್ರಜ್ಞರ ಆಕ್ಷೇಪ. ವಾಲಿದ ಮರ ತನ್ನನ್ನು ಎತ್ತಿಹಿಡಿಯಲು ಒಂದು ಪಕ್ಕದಲ್ಲಿ ಬೇರೆ ಬಗೆಯ ಕಟ್ಟಿಗೆ ಕಟ್ಟಿಕೊಳ್ಳುತ್ತದೆಂದು ಅವರೇ ಕಲಿಸುತ್ತಾರೆ. ಆ ಕೆಲಸ ವರ್ಷವರ್ಷವೂ ಪದರ ಪದರವಾಗಿ ಸಾಗಬೇಕು. ಎಂದಮೇಲೆ ಬಾಗೆಂಬುದು ಕೂಡಿಟ್ಟ ವರ್ಷಗಳೇ. ಹಾಗಾದರೆ ಎಳೆನಾಯಿಯ ಬಾಲ? ಇದು ಕೊನೆಯ, ಎಲ್ಲಕ್ಕಿಂತ ಹರಿತವಾದ ಆಕ್ಷೇಪ. ಉತ್ತರ ಸರಳ: ನಾಯಿಯ ಬಾಲ ಬರಿಯ ಡೊಂಕು, ಅದನ್ನು ಅಂಕುಡೊಂಕು ಎಂದವರು ಯಾರೂ ಇಲ್ಲ. ಜೋಡಿಪದವಾಗಲು ಎರಡು ಬಾಗಾದರೂ ಬೇಕು, ಎರಡನೆಯ ಬಾಗಿಗೆ ಕಾಯಬೇಕು. ನಾಯಿಯ ಆಯುಷ್ಯ ಅದಕ್ಕೆ ಸಾಲದು.

ಇದರಿಂದ ಲೋಕೋಪಯೋಗಿಯಾದ ಎರಡು ಫಲಗಳು ಸಿದ್ಧಿಸುತ್ತವೆ. ಮೊದಲನೆಯದು, ರಸ್ತೆ ಗುತ್ತಿಗೆದಾರರು ನಿರ್ದೋಷಿಗಳು. ಅವರು ಕಟ್ಟಿದ್ದು ಪರಂಪರೆಯನ್ನೇ. ದೋಷ ಹೊಣೆಗಾರಿಕೆಯ ಅವಧಿಯನ್ನು 400 ವರ್ಷಕ್ಕೆ ವಿಸ್ತರಿಸದೆ ಅವಸರಪಟ್ಟದ್ದು ನಮ್ಮ ತಪ್ಪು. ಎರಡನೆಯದು ಪರೀಕ್ಷಾರ್ಥಿಗಳಿಗೆ: ವಸ್ತು ನೂರು ವರ್ಷ ದಾಟಿದ್ದರೆ ‘ಆಹಾ’ ಎಂದೂ, ದಾಟದಿದ್ದರೆ ‘ಅಯ್ಯೋ’ ಎಂದೂ ವಾಕ್ಯವನ್ನು ಆರಂಭಿಸತಕ್ಕದ್ದು, ವಯಸ್ಸು ಗೊತ್ತಾಗದಿದ್ದಲ್ಲಿ ಉತ್ತರಪತ್ರಿಕೆಯೊಂದಿಗೆ ಆ ವಸ್ತುವಿನ ಜನನ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು.