ಬಲಗೈ ಬಂಟನ ರಜೆ

ಕಾಯಿಲೆಗೂ ಒಂದು ಅಂತಸ್ತು ಬೇಕು. ರಾತ್ರಿ ಬಲಗೈ ಜೋಮು ಹಿಡಿದು, ಎದ್ದು ಕೂತು ಒದರಿಕೊಳ್ಳುವುದು ಶುರುವಾದಾಗ ನನಗೆ ಒಳಗೊಳಗೇ ಖುಷಿ. ಕಾರ್ಪಲ್ ಟನಲ್ ಸಿಂಡ್ರೋಮ್! ವೈಟ್‌ಫೀಲ್ಡಿಗೆ ಕಂಪ್ಯೂಟರ್ ಕುಟ್ಟಲು ಹೋಗುವವನಿಗೆ ಹೇಳಿಮಾಡಿಸಿದ ಹೆಸರು. 'ದುಡಿದೂ ದುಡಿದೂ ಬಂದದ್ದು' ಎಂದು ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಪಕ್ಕ ನಿಂತವರಿಗೂ ಹೇಳಿದ್ದಾಯಿತು. ಅಲ್ಲಿ ಟೈಮಿಗೇನು ಬರವೇ?

ಡಾಕ್ಟರು ಮಣಿಕಟ್ಟು ಬಗ್ಗಿಸಿ, ಹಿಂಗೈಗೆ ಹಿಂಗೈ ಒತ್ತಿಸಿ ಒಂದು ನಿಮಿಷ ಕೂರಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದವು. ಕಿರುಬೆರಳು ಮಾತ್ರ ಹಾಯಾಗಿತ್ತು. ಅದರ ನರದ ದಾರಿಯೇ ಬೇರೆಯಂತೆ.

"ಕೀಬೋರ್ಡಿಂದಲೇ ಅಲ್ವಾ ಸಾರ್?" ಎಂದೆ.

"ಹಾಗೆ ಗಟ್ಟಿಯಾಗಿ ಹೇಳಕ್ಕಾಗಲ್ಲ. 1854ರಲ್ಲೇ ಲಂಡನ್ನಿನ ಸರ್ಜನ್ ಪ್ಯಾಜೆಟ್ ಇದರ ಬಗ್ಗೆ ಬರೆದಿದ್ದಾರೆ. ಶುಗರ್, ಥೈರಾಯ್ಡ್ ನೋಡಿಸಿದ್ದೀರಾ?"

"1854ರಲ್ಲಿ ಯಾವ ಲ್ಯಾಪ್‌ಟಾಪ್ ಇತ್ತು ರೀ?" ಎಂದು ಹೆಂಡತಿ ನನ್ನ ಹೊಟ್ಟೆ ನೋಡಿದಳು. ಅಂತಸ್ತು ಅಲ್ಲಿಗೇ ಇಳಿಯಿತು.

ಮಣಿಕಟ್ಟಿನಲ್ಲಿ ತಳಕ್ಕೆ ಎಂಟು ಪುಟ್ಟ ಮೂಳೆ, ಮೇಲೊಂದು ಗಟ್ಟಿ ಪಟ್ಟಿ. ನಡುವಿನ ಸಂದಿಯಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ನರವೂ ನುಸುಳಬೇಕು. ಹಳೇ ಪಣತ್ತೂರು ಅಂಡರ್‌ಪಾಸಿನಲ್ಲಿ ನೀರಿನ ಟ್ಯಾಂಕರುಗಳ ನಡುವೆ ಸಿಕ್ಕಿದ ಸ್ಕೂಟಿಯೇ ಆ ನರ. ಕೊನೆಗೆ ಆಪರೇಷನ್ನೇ ಎಂದಾಯಿತು; ಅಂದರೆ ಆ ಪಟ್ಟಿಯನ್ನು ಕೊಯ್ದು ಜಾಗ ಮಾಡಿಕೊಡುವುದು. ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್. ಕಾಲು ಗಂಟೆಯಲ್ಲಿ ಮುಗಿಯಿತು. ಪಣತ್ತೂರಿಗೂ ಇವರನ್ನೇ ಕರೆಸಬಹುದಿತ್ತು ಎಂದಳು ಹೆಂಡತಿ.

ಮನೆಯಲ್ಲಿ ಮೊದಲ ಊಟಕ್ಕೇ ಮುದ್ದೆ. "ಎಡಗೈಲಿ ಉಣ್ಣಬ್ಯಾಡ ಕಣಪ್ಪ" ಎಂದು ಅಮ್ಮ ಚಮಚ ಕೊಟ್ಟರು. ಆ ಚಮಚ ಹಿಡಿಯುವುದೂ ಎಡಗೈಯೇ ಎಂಬುದು ಅವರ ಲೆಕ್ಕಕ್ಕಿಲ್ಲ. ಚುಚ್ಚಿ ಎತ್ತಿದರೆ ಇಡೀ ಮುದ್ದೆ ಚಮಚ ಕಚ್ಚಿಕೊಂಡು ಮೇಲೆದ್ದಿತು. ಬಾಯಿ ತಲುಪುವ ಮೊದಲೇ ಮನಸ್ಸು ಬದಲಿಸಿ ಸೊಪ್ಪಿನ ಸಾರಿಗೆ ಬಿತ್ತು. ಸಾರು ನನ್ನ ಬನಿಯನ್ನಿಗೆ ಬಂತು.

ಬಲಗೈ ಇಲ್ಲದೆ ಸಂಸಾರ ನಿಂತೇಹೋಗುತ್ತದೆ ಎಂದು ಕಾದೆ. ಹಾಲು ಬಂತು, ಬಟ್ಟೆ ಒಣಗಿತು, ಗ್ಯಾಸ್ ಬುಕ್ ಆಯಿತು. ನಿಂತದ್ದು ಟಿವಿ ಚಾನೆಲ್ ಬದಲಾಗುವುದೊಂದೇ. ಅಮ್ಮನ ಧಾರಾವಾಹಿಗಳು ಮೊದಲ ಸಲ ಪೂರ್ತಿ ಓಡಿದವು.

ಹೊಲಿಗೆ ಬಿಚ್ಚಿದ ಡಾಕ್ಟರು, "ಭಾರ ಎತ್ತಬೇಡಿ, ಬಟ್ಟೆ ಹಿಂಡಬೇಡಿ" ಎಂದರು. ಎರಡನ್ನೂ ಎಂದೂ ಮಾಡಿದವನಲ್ಲದಿದ್ದರೂ ಗಂಭೀರವಾಗಿ ತಲೆಯಾಡಿಸಿದೆ.

"ಅವರೆಕಾಳು ಹಿತಕಬಹುದಾ ಡಾಕ್ಟ್ರೇ?" ಹೆಂಡತಿಯ ಪ್ರಶ್ನೆ.

"ಧಾರಾಳವಾಗಿ! ಹೆಬ್ಬೆರಳಿಗೆ ಒಳ್ಳೇ ವ್ಯಾಯಾಮ."

ಅವರೆಕಾಯಿ ಕಾಲ. ಮನೆಗೆ ಬರುವಷ್ಟರಲ್ಲಿ ಬೋಗುಣಿ ತುಂಬ ಕಾಳು ನೆನೆದಿತ್ತು. ಪಕ್ಕದ ಮನೆಯವರೂ ಒಂದು ಪಾತ್ರೆ ಕಳಿಸಿದ್ದರು: "ಅಂಕಲ್ ವ್ಯಾಯಾಮಕ್ಕೆ."